ಕೊಲ್ಲುವ ಮೊದಲು ನಿಲ್ಲಿಸಿ ನೋಡಿ

ಕಂಪ್ಯೂಟರ್ ನಿಧಾನವಾಯಿತೆಂದರೆ ನಮ್ಮವರಿಗೆ ಗೊತ್ತಿರುವ ಮದ್ದು ಒಂದೇ, ಕೊಲ್ಲುವುದು. ಲಿನಕ್ಸ್ ಕಲಿತವರಂತೂ ‘ಕಿಲ್ -9’ ಎಂದು ಟೈಪ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ನನಗಿದು ಸರಿ ಕಾಣುವುದಿಲ್ಲ. ಓಡುತ್ತಿರುವ ಕೆಲಸವನ್ನು ತಡೆದು, ಬಿಟ್ಟಲ್ಲಿಂದಲೇ ಮುಂದುವರಿಸುವ ಸೌಲಭ್ಯ 1980ರ ಸುಮಾರಿನ ಬರ್ಕ್ಲಿ ಯುನಿಕ್ಸ್ ಕಾಲದಿಂದಲೂ ಇದೆ. ಕಲಿಸುವವರು ಮೊದಲು ಕಲಿಸಬೇಕಾದದ್ದು ಅದನ್ನು.

ಮುಂಬೈಯವರಿಗೆ ಲೋಕಲ್ ರೈಲಿನ ಲೆಕ್ಕದಲ್ಲೇ ಹೇಳಿದರೆ ಸುಲಭ. ಕಲ್ಯಾಣದಿಂದ ಬಂದ ಗಾಡಿ ಕುರ್ಲಾ ದಾಟಿ ಸಯನ್ ಮುಟ್ಟುವ ಮೊದಲು ಕೆಂಪು ಸಿಗ್ನಲ್‌ಗೆ ನಿಂತಿತು ಅನ್ನಿ. ಹಸಿರಾದೊಡನೆ ಅಲ್ಲಿಂದಲೇ ಹೊರಡುತ್ತದೆ. ಗಾಡಿಯನ್ನೇ ರದ್ದು ಮಾಡಿದರೆ? ಮತ್ತೆ ಕಲ್ಯಾಣದಿಂದಲೇ ಶುರು!

ಟರ್ಮಿನಲ್‌ನಲ್ಲಿ ಕಂಟ್ರೋಲ್-ಝಡ್ ಒತ್ತಿದರೆ ಕೆಲಸ ನಿಲ್ಲುತ್ತದೆ. ‘ಜಾಬ್ಸ್’ ಎಂದರೆ ನಿಂತವುಗಳ ಪಟ್ಟಿ ಬರುತ್ತದೆ. ‘ಎಫ್‌ಜಿ’ ಎಂದರೆ ಕಣ್ಣೆದುರಿಗೇ ಮುಂದುವರಿಯುತ್ತದೆ, ‘ಬಿಜಿ’ ಎಂದರೆ ಹಿನ್ನೆಲೆಯಲ್ಲಿ. ಕಂಟ್ರೋಲ್-ಝಡ್ ಬರೀ ವಿನಂತಿ, ಪ್ರೋಗ್ರಾಂ ಅದನ್ನು ಕಡೆಗಣಿಸಬಹುದು. ಆಗ ಬೇರೆ ಟರ್ಮಿನಲ್‌ನಿಂದ ‘ಕಿಲ್ -ಸ್ಟಾಪ್’ ಬರೆದು ಮುಂದೆ ಅದರ ಪ್ರೊಸೆಸ್ ನಂಬರ್ ಕೊಡಿ. ಓವರ್‌ಹೆಡ್ ತಂತಿಯ ಕರೆಂಟ್ ತೆಗೆದ ಹಾಗೆ, ಯಾವ ಮೋಟರ್‌ಮನ್ನನ ಮಾತೂ ನಡೆಯದು. ಮತ್ತೆ ಹೊರಡಿಸಲು ‘ಕಿಲ್ -ಕಾಂಟ್’. ಹೆಸರಿನಲ್ಲಿ ಕಿಲ್ ಇದ್ದರೂ ಇಲ್ಲಿ ಯಾರೂ ಸಾಯುವುದಿಲ್ಲ :-)

ನಾನು ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್‌ಗಳನ್ನು ಟೆಸರಾಕ್ಟ್‌ಗೆ ಕೊಟ್ಟು ಅಕ್ಷರಕ್ಕಿಳಿಸುತ್ತೇನೆ. 300 ಪುಟ ಒಂದೇ ಆದೇಶದಲ್ಲಿ, ಅದೂ ಹಳೆಯ ಲ್ಯಾಪ್‌ಟಾಪಿನಲ್ಲಿ. ನಡುವೆ ಊರಿನಿಂದ ಅಕ್ಕನ ವಿಡಿಯೋ ಕರೆ ಬಂದರೆ ಕಂಟ್ರೋಲ್-ಝಡ್. ಫ್ಯಾನಿನ ಗದ್ದಲ ಇಳಿಯುತ್ತದೆ, ಮಾತು ನೆಟ್ಟಗೆ ಕೇಳುತ್ತದೆ. ಕರೆ ಮುಗಿದ ಮೇಲೆ ‘ಎಫ್‌ಜಿ’. ರಾತ್ರಿಯಿಡೀ ಆದ ಕೆಲಸಕ್ಕೆ ಧಕ್ಕೆಯಿಲ್ಲ.

ಹಾಗಂತ ಇದು ಸರ್ವರೋಗಕ್ಕೂ ಮದ್ದಲ್ಲ. ನಿಂತ ರೈಲಿನಲ್ಲೂ ಜನ ಸೀಟು ಬಿಡುವುದಿಲ್ಲವಲ್ಲ, ಹಾಗೆಯೇ ನಿಂತ ಪ್ರೋಗ್ರಾಂ ತನ್ನ ಮೆಮೊರಿ ಬಿಡುವುದಿಲ್ಲ. ಪ್ರೊಸೆಸರ್ ಮಾತ್ರ ಬಿಡುವಾಗುತ್ತದೆ. ಡೌನ್‌ಲೋಡ್ ನಿಲ್ಲಿಸಿದರೆ ಆಚೆಕಡೆಯ ಸರ್ವರ್ ನಿಮಗಾಗಿ ಗಂಟೆಗಟ್ಟಲೆ ಕಾಯಲಾರದು. ಮೆಷಿನ್ ಶಟ್‌ಡೌನ್ ಮಾಡಿದರೆ ಎಲ್ಲವೂ ಹೋಯಿತು.

ಆದರೂ ನನ್ನ ವಾದ ಇಷ್ಟೇ. ನಿಲ್ಲಿಸಿದ್ದನ್ನು ಆಮೇಲೆ ಬೇಕಾದರೆ ಕೊಲ್ಲಬಹುದು, ಕೊಂದದ್ದನ್ನು ಎಬ್ಬಿಸಲಾಗದು. ಅವಸರದ ಈ ಊರಿನಲ್ಲಿ ಎರಡು ಕೀಲಿ ಒತ್ತಿ ಯೋಚಿಸಲು ಸಮಯ ಸಿಗುತ್ತದೆಂದರೆ ಯಾಕೆ ಬಿಡಬೇಕು? ನೀವೇನಂತೀರಿ?