ಅಮ್ಮನ ಸ್ಕ್ಯಾನ್‌ನಲ್ಲಿ ನಂಬರ್ ಎಲ್ಲಿ?

ಅಮ್ಮನ ಮೆದುಳಿನ ಎಂಆರ್‌ಐ ಎರಡು ಸಲ ಆಗಿದೆ. ಮೊದಲನೆಯದು ಹೋದ ವರ್ಷ, ಎರಡನೆಯದು ಕಳೆದ ತಿಂಗಳು, ಬೇರೆ ಸೆಂಟರ್‌ನಲ್ಲಿ. ಡಾಕ್ಟರ್ ಎರಡೂ ಫಿಲ್ಮ್ ನೋಡಿ, "ಬಿಳಿ ಮಚ್ಚೆ ಸ್ವಲ್ಪ ಜಾಸ್ತಿ ಆಗಿರೋ ಹಾಗಿದೆ. ಮೆಷಿನ್ ಬೇರೆ ಅಲ್ವಾ, ಖಚಿತವಾಗಿ ಹೇಳೋಕಾಗಲ್ಲ" ಅಂದ್ರು. ಶುಗರ್ ಟೆಸ್ಟ್ ಮಾಡಿಸಿದ್ರೆ 140 ಅಂತ ನಂಬರ್ ಬರುತ್ತೆ. ಸಾವಿರಾರು ರೂಪಾಯಿ ಕೊಟ್ಟ ಸ್ಕ್ಯಾನ್‌ನಲ್ಲಿ ನಂಬರೇ ಇಲ್ವಾ?

ಸಾಮಾನ್ಯವಾಗಿ ಇಲ್ಲ. ಮಾಮೂಲಿ ಎಂಆರ್‌ಐ ಚಿತ್ರದ ಕಪ್ಪು-ಬಿಳುಪಿಗೆ ಯೂನಿಟ್ ಇರೋದಿಲ್ಲ. ಪಕ್ಕದ ಜಾಗಕ್ಕಿಂತ ಇದು ಬೆಳ್ಳಗಿದೆ, ಅಷ್ಟೇ. ಸೆಟ್ಟಿಂಗ್ ಬದಲಾದರೆ ಅದೇ ಮೆದುಳು ಬೇರೆ ಥರ ಕಾಣುತ್ತೆ.

ಅಳೆಯೋಕೆ ಏನೂ ಇಲ್ಲ ಅಂತಲ್ಲ. ಮೆದುಳಿನ ನೀರಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳನ್ನು ರೇಡಿಯೋ ಅಲೆಯಿಂದ ಕದಲಿಸಿದರೆ, ಅವು ಮೊದಲಿನ ಸ್ಥಿತಿಗೆ ಮರಳಲು ಸಮಯ ಬೇಕು. ಅದರ ಅಳತೆ ಟಿ1. 3 ಟೆಸ್ಲಾ ಮೆಷಿನ್‌ನಲ್ಲಿ ವೈಟ್ ಮ್ಯಾಟರ್‌ಗೆ ಸುಮಾರು 800–900 ಮಿಲಿಸೆಕೆಂಡ್, ಗ್ರೇ ಮ್ಯಾಟರ್‌ಗೆ 1,300ರ ಆಸುಪಾಸು. ಸಿಗ್ನಲ್ ಎಷ್ಟು ಬೇಗ ಕರಗುತ್ತೆ ಅನ್ನೋದು ಟಿ2. ಹಳೆ ವಿಧಾನದಲ್ಲಿ ಇವನ್ನು ಅಳೆಯಬೇಕಾದರೆ ಕದಲಿಸಬೇಕು, ಕಾಯಬೇಕು, ಓದಬೇಕು. ಮತ್ತೆ ಬೇರೆ ಅಂತರದಲ್ಲಿ ಅದನ್ನೇ ಮಾಡಬೇಕು. ಅಮ್ಮನಿಗೋ ಆ ಕಟಕಟ ಸದ್ದಿನಲ್ಲಿ ಮಾಮೂಲಿ ಸ್ಕ್ಯಾನ್ ಮುಗಿಯೋವರೆಗೆ ಅಲುಗಾಡದೆ ಮಲಗೋದೇ ಕಷ್ಟವಾಗಿ, ಒಂದು ಭಾಗವನ್ನು ಮತ್ತೆ ತೆಗೆಯಬೇಕಾಯ್ತು.

ಈ ಗಂಟನ್ನು ಬಿಡಿಸಲು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ದಾರಿ ಬಂತು. ಬರೆದವರು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಡಾನ್ ಮಾ, ಮಾರ್ಕ್ ಗ್ರಿಸ್‌ವೋಲ್ಡ್ ಮತ್ತು ಸಂಗಡಿಗರು. ಹೆಸರು ಎಂಆರ್ ಫಿಂಗರ್‌ಪ್ರಿಂಟಿಂಗ್. ಕಾಯೋದನ್ನೇ ಬಿಟ್ಟು, ಸೆಟ್ಟಿಂಗ್‌ಗಳನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಾ ಹೋಗೋದು. ಆಗ ಪ್ರತಿ ಟಿ1–ಟಿ2 ಜೋಡಿಯೂ ತನ್ನದೇ ಏರಿಳಿತದ ಸಿಗ್ನಲ್ ಕೊಡುತ್ತೆ. ಯಾವ ಜೋಡಿಗೆ ಯಾವ ಏರಿಳಿತ ಅನ್ನೋದನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಮೊದಲೇ ಲೆಕ್ಕ ಹಾಕಿ ಡಿಕ್ಷನರಿ ಮಾಡಿಟ್ಟಿರ್ತಾರೆ. ಬಂದ ಸಿಗ್ನಲ್ ಯಾವುದಕ್ಕೆ ಹೊಂದುತ್ತೋ ಅದೇ ಉತ್ತರ. ಹೋಟೆಲಲ್ಲಿ ಹಾಡು ಕೇಳಿಸಿದಾಗ ಫೋನ್ ಹಿಡಿದು ಶಾಜಾಮ್‌ನಲ್ಲಿ ಹುಡುಕ್ತೀವಲ್ಲ, ಹೆಚ್ಚುಕಡಿಮೆ ಹಾಗೇ.

ಕೋಡ್ ಬರೆಯೋನಾಗಿ ನನಗೆ ಮಜಾ ಅನ್ನಿಸಿದ್ದು ಬೇರೆ. ವೇಗಕ್ಕಾಗಿ ಇವರು ಪ್ರತಿ ಫ್ರೇಮ್‌ಗೂ ಬೇಕಾದ ಡೇಟಾದಲ್ಲಿ ಸ್ವಲ್ಪವನ್ನಷ್ಟೇ ತಗೊಳ್ತಾರೆ. ಒಂದೊಂದು ಫ್ರೇಮ್ ನೋಡಿದ್ರೆ ಬರೀ ಕಸ. ಆದರೆ ಆ ಗಲಾಟೆ ಡಿಕ್ಷನರಿಯ ಯಾವ ಸಾಲಿನಂತೆಯೂ ಇರೋದಿಲ್ಲ. ಹಾಗಾಗಿ ಸಾವಿರ ಫ್ರೇಮ್ ಸೇರಿದಾಗ ಸರಿಯಾದ ಸಾಲೇ ಗೆಲ್ಲುತ್ತೆ. ಆ ಮೊದಲ ಪ್ರಯೋಗದಲ್ಲಿ ಮೆದುಳಿನ ಒಂದು ಸ್ಲೈಸ್‌ಗೆ ಹಿಡಿದದ್ದು ಸುಮಾರು 12 ಸೆಕೆಂಡ್.

ಡಿಕ್ಷನರಿಯಲ್ಲಿ ಇಲ್ಲದ್ದು ಇದಕ್ಕೆ ಗೊತ್ತಾಗಲ್ಲ ಅನ್ನೋದೂ ನಿಜ. ಬೇರೆ ಬೇರೆ ಮೆಷಿನ್‌ಗಳು ಒಂದೇ ನಂಬರ್ ಕೊಡ್ತಾವಾ ಅಂತ, ಟಿ1 ಮೊದಲೇ ಗೊತ್ತಿರುವ ದ್ರವ ತುಂಬಿದ ಫ್ಯಾಂಟಮ್‌ಗಳನ್ನಿಟ್ಟು ಪರೀಕ್ಷಿಸ್ತಾರೆ. ನಮ್ಮ ಡಾಕ್ಟರ್ ಕೈಯಲ್ಲಿರೋದು ಇನ್ನೂ ಫಿಲ್ಮೇ.

ಅಮ್ಮನ ಮುಂದಿನ ಸ್ಕ್ಯಾನ್ ಆರು ತಿಂಗಳಿಗೆ. ಈ ಸಲ ಅದೇ ಸೆಂಟರ್, ಅದೇ ಮೆಷಿನ್ ಅಂತ ಕೇಳಿಟ್ಟಿದ್ದೀನಿ. ಫಿಲ್ಮ್ ಜೊತೆ ಸಿಡಿಯನ್ನೂ ಇಸ್ಕೊಂಡಿದ್ದೀನಿ.