ತರುಣರ ಮನೋವ್ಯಥೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳಲ್ಲಿ ಪ್ರತಿವರ್ಷವೂ ಎರಡು ಬಗೆಯ ವಾರ್ತೆಗಳು ಬರುತ್ತವೆ. ಮುಖಪುಟದಲ್ಲಿ ಉನ್ನತ ಶ್ರೇಣಿಯವರ ಭಾವಚಿತ್ರಗಳು. ಒಳಪುಟದ ಮೂಲೆಯಲ್ಲಿ, ಮೂರು ನಾಲ್ಕು ಪಂಕ್ತಿಗಳಲ್ಲಿ, ಜೀವ ಕಳೆದುಕೊಂಡ ಮಕ್ಕಳ ಸಮಾಚಾರ. ಮೊದಲನೆಯದನ್ನು ಓದಿ ನಾವು ಹಿಗ್ಗುತ್ತೇವೆ. ಎರಡನೆಯದನ್ನು "ಅಂಕ ಕಡಿಮೆ ಬಂದುದಕ್ಕೆ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋದ ಲೆಕ್ಕದಂತೆ 2022ನೆಯ ವರ್ಷದಲ್ಲಿ ದೇಶದಲ್ಲಿ ಹೀಗೆ ಮಡಿದ ವಿದ್ಯಾರ್ಥಿಗಳು 13,044 ಮಂದಿ. ಇಷ್ಟು ಜೀವಗಳ ಹೊಣೆಯನ್ನು ಒಂದು ಅಂಕಪಟ್ಟಿಯ ಮೇಲೆ ಹೊರಿಸಿ ನಾವು ಸುಮ್ಮನಿರಬಹುದೆ? ಪರೀಕ್ಷೆಯು ಎಷ್ಟೋ ವೇಳೆ ಕಡೆಯ ಏಟು ಮಾತ್ರ. ವ್ಯಥೆಯು ಅದಕ್ಕೆ ತಿಂಗಳುಗಳ ಮುಂಚೆಯೇ ಮನೆಯೊಳಗೆ ಬಂದು ಕುಳಿತಿರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ ಕೆಲವು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಯಾವುದಾದರೊಂದು ಮನೋವ್ಯಾಧಿ ಇರುವುದನ್ನು ಕಂಡಿತು. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರೆಂದಾಯಿತು. ಆ ನಾಲ್ವರು ಯಾರೆಂದು ಉಪಾಧ್ಯಾಯರನ್ನು ಕೇಳಿದರೆ ಬೆರಳು ತೋರುವವರು ವಿರಳ. ಏಕೆಂದರೆ ಈ ವಯಸ್ಸಿನ ಖಿನ್ನತೆಯು ಕಣ್ಣೀರಿನ ರೂಪದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಅದು ಸಿಡುಕಾಗಿ ಬರುತ್ತದೆ, ಎದುರುತ್ತರವಾಗಿ ಬರುತ್ತದೆ. ಆತಂಕವು ಶಾಲೆಗೆ ಹೊರಡುವ ಹೊತ್ತಿನ ಹೊಟ್ಟೆನೋವಾಗಿ, ತಲೆನೋವಾಗಿ ಕಾಣಿಸುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಏಳಲಾರದು. ಆಟವೂ ಬೇಡ, ಗೆಳೆಯರೂ ಬೇಡ. ಇದನ್ನು ತಂದೆಯು ಸೋಮಾರಿತನವೆನ್ನುತ್ತಾನೆ, ಶಾಲೆಯು ಅವಿಧೇಯತೆಯೆನ್ನುತ್ತದೆ; ಚಿಕಿತ್ಸೆಯಾಗಬೇಕಾದಲ್ಲಿ ಶಿಕ್ಷೆಯಾಗುತ್ತದೆ. "ನಮ್ಮ ಕಾಲದಲ್ಲಿ ಇಂತಹ ಕಾಯಿಲೆಗಳಿರಲಿಲ್ಲ" ಎನ್ನುವ ಹಿರಿಯರಿದ್ದಾರೆ. ಇದ್ದವು, ಹೆಸರು ಮಾತ್ರ ಇರಲಿಲ್ಲ.

ಎಲ್ಲ ಬೇಸರವೂ ರೋಗವೆಂದು ನಾವು ಹೇಳುತ್ತಿಲ್ಲ. ಆದರೆ ಇಂತಹ ಸ್ಥಿತಿ ಎರಡು ವಾರ ಬಿಡದೆ ನಡೆದರೆ, ಊಟ, ನಿದ್ರೆ, ಓದು ಕೆಟ್ಟರೆ, ವೈದ್ಯರನ್ನು ಕಾಣಲು ತಡಮಾಡತಕ್ಕದ್ದಲ್ಲ. ಕ್ರಮವಾದ ಮಾತಿನ ಚಿಕಿತ್ಸೆಯಿಂದಲೇ ಚೇತರಿಸಿಕೊಳ್ಳುವವರು ಅನೇಕರು. ಕೆಲವರಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧವೂ ಬೇಕಾಗುತ್ತದೆ. ಹರಕೆ ಹೊರುವವರಿಗೆ ನಮ್ಮ ಆಕ್ಷೇಪವಿಲ್ಲ. ಆಸ್ಪತ್ರೆಯ ದಾರಿಯನ್ನು ಮಾತ್ರ ಅದು ತಡೆಯಬಾರದು. ಮನೆಯಲ್ಲಿ ಮಾಡಬೇಕಾದುದಕ್ಕೆ ಖರ್ಚಿಲ್ಲ. ನೆರೆಮನೆಯ ಹುಡುಗನ ಅಂಕಗಳನ್ನು ಎತ್ತದೆ, ಉಪದೇಶಕ್ಕೆ ತೊಡಗದೆ, ಮಗುವಿನ ಬಳಿ ಕುಳಿತು ಅದರ ಮಾತನ್ನು ಪೂರ್ತಿಯಾಗಿ ಕೇಳುವುದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ವಿಚಾರಿಸಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂಬ ಭಯ ಅನೇಕರಿಗುಂಟು. ಅದು ನಿರಾಧಾರವಾದುದು. ವಿಚಾರಿಸುವುದರಿಂದ ಮಗುವಿನ ಭಾರ ಇಳಿಯುವುದೇ ಹೆಚ್ಚು. ಉತ್ತರ ಹೌದೆಂದಾದರೆ ಮಗುವನ್ನು ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇನ್ನು ಸರಕಾರದ ಮಾತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಕೀರ್ತಿ ಕನ್ನಡ ನಾಡಿನದು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಕೊಟ್ಟುದೂ ಒಳ್ಳೆಯ ಕೆಲಸವೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಆದರೆ ಇಡೀ ಮನೆಗೆ ಒಂದೇ ಫೋನಿದ್ದು ಅದು ತಂದೆಯ ಜೇಬಿನಲ್ಲಿರುವಾಗ, ಹದಿನಾಲ್ಕು ವರ್ಷದ ಹುಡುಗಿಯು ಯಾರಿಗೆ ಹೇಗೆ ಕರೆ ಮಾಡಿಯಾಳು? ಅವಳು ದಿನವೂ ಹೋಗುವ ಶಾಲೆಯಲ್ಲಿಯೇ ನಂಬುಗೆಯ ಮನುಷ್ಯರೊಬ್ಬರು ಇರಬೇಕು.

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಇದನ್ನೇ ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರಾದರೂ ಇರತಕ್ಕದ್ದು. ಗಣಿತದ ಮೇಷ್ಟರ ಹೆಸರಿನ ಮುಂದೆ "ಸಮಾಲೋಚಕ" ಎಂದು ಬರೆದು ಸುತ್ತೋಲೆಗೆ ಉತ್ತರ ಕಳುಹಿಸುವ ಪದ್ಧತಿ ನಮ್ಮ ಕಚೇರಿಗಳಿಗೆ ಹೊಸದಲ್ಲ. ಈ ವಿಷಯದಲ್ಲಿ ಅದು ಸಲ್ಲದು. ವಿದ್ಯಾ ಇಲಾಖೆಯು ಹುದ್ದೆಗಳನ್ನು ಮಂಜೂರು ಮಾಡಲಿ, ಆಯವ್ಯಯದಲ್ಲಿ ಸಂಬಳಕ್ಕೆ ಹಣ ತೆಗೆದಿಡಲಿ. ಯಾವ ಶಾಲೆಗೆ ಯಾರು ನೇಮಕವಾದರೆಂಬ ಪಟ್ಟಿಯನ್ನು ತಾಲ್ಲೂಕುವಾರು ಪ್ರಕಟಿಸಲಿ. ಹಳ್ಳಿಯ ಸಣ್ಣ ಶಾಲೆಗಳಿಗೆ, ನಾಲ್ಕೈದಕ್ಕೆ ಒಬ್ಬರಂತೆ, ವಾರಕ್ಕೊಂದು ದಿನ ಬರುವವರನ್ನಾದರೂ ಗೊತ್ತುಮಾಡಬಹುದು. ಬೇಸಿಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವುದರೊಳಗೆ ಆ ಪಟ್ಟಿ ಹೊರಬೀಳಲಿ; ಬಾರದಿದ್ದರೆ ಶಾಸನಸಭೆಯ ಸದಸ್ಯರು ಮೊದಲ ಅಧಿವೇಶನದಲ್ಲಿಯೇ ಮಂತ್ರಿಗಳಿಂದ ಕಾರಣ ಕೇಳಲಿ.