ಶಸ್ತ್ರಸಹಾಯದ ಲೆಕ್ಕವೂ ಸತ್ತವರ ಲೆಕ್ಕವೂ

ವಿಶಾಖಪಟ್ಟಣದ ಕಡಲತೀರದಲ್ಲಿ ನಿಲ್ಲಿಸಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ನಮ್ಮ ಹೋಟೆಲು ಬಂಧುಗಳಲ್ಲಿ ಅನೇಕರು ರಜೆಯ ದಿನ ನೋಡಿ ಬಂದಿರಬಹುದು. ಅದು ರಷ್ಯದಲ್ಲಿ ಕಟ್ಟಿದುದು. ಅಮೆರಿಕೆಯಲ್ಲಿ ಕಟ್ಟಿದ ಇನ್ನೊಂದು ಅದೇ ಬಂದರಿನ ಹೊರಗೆ ಕಡಲತಳದಲ್ಲಿದೆ. ದಂಡೆಯಲ್ಲಿ ನಿಂತವರಿಗೆ ಅದು ಕಾಣಿಸದು.

1971ರ ಡಿಸೆಂಬರ್ 3ರ ನಡುರಾತ್ರಿಯ ಸುಮಾರಿಗೆ ಪಾಕಿಸ್ತಾನದ ಗಾಜಿ ಇಲ್ಲಿ ಮುಳುಗಿತು. ಅದು ಅರಸಿ ಬಂದ ವಿಕ್ರಾಂತ್ ಆಗ ಅಂಡಮಾನಿನ ಕಡೆಯಿತ್ತು. ರಜಪೂತ್ ಹಡಗು ಹೊಡೆಯಿತೆಂದು ನಮ್ಮ ನೌಕಾಬಲವು ಹೇಳಿತು, ಆಕಸ್ಮಿಕ ಸ್ಫೋಟವೆಂದು ಪಾಕಿಸ್ತಾನವು ಹೇಳಿತು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ಈ ಗಾಜಿಯು 1945ರಲ್ಲಿ ಅಮೆರಿಕೆಯ ನೌಕಾಬಲಕ್ಕೆ ಸೇರಿದ ಡಯಾಬ್ಲೊ. 1964ರಲ್ಲಿ ಪಾಕಿಸ್ತಾನಕ್ಕೆ ಗೇಣಿಗೆ ಕೊಡಲ್ಪಟ್ಟಿತು. ಶಸ್ತ್ರಸಹಾಯವು ಆಕ್ರಮಣಕ್ಕೆ ದುರುಪಯೋಗವಾದರೆ ತಡೆಯುವೆವೆಂದು ಅಧ್ಯಕ್ಷ ಐಸೆನ್‌ಹೋವರರು 1954ರಲ್ಲಿಯೇ ನೆಹರೂರವರಿಗೆ ಬರೆದಿದ್ದರು. ಸಹಾಯದ ಪಟ್ಟಿಯಲ್ಲಿ ಹಡಗಿನ ಹೆಸರಿರುತ್ತದೆ, ಅದು ಯಾವ ಊರಿನ ಬಾಗಿಲಿಗೆ ಹೋದೀತೆಂಬುದಕ್ಕೆ ಅಲ್ಲಿ ಕಲಮಿಲ್ಲ.

ಬೆಲೆಯ ಕಲಮಾದರೂ ನಂಬತಕ್ಕುದೇ? 2023ರ ಜೂನಿನಲ್ಲಿ ಅಮೆರಿಕೆಯ ರಕ್ಷಣಾ ಇಲಾಖೆಯು, ಉಕ್ರೇನಿಗೆ ಕೊಟ್ಟ ಸಾಮಗ್ರಿಗೆ 620 ಕೋಟಿ ಡಾಲರು ಹೆಚ್ಚಾಗಿ ಬೆಲೆ ಕಟ್ಟಿದ್ದೆವೆಂದು ತಾನೇ ಒಪ್ಪಿತು. ಉಗ್ರಾಣದ ಹಳೆಯ ಸಾಮಾನಿಗೆ ಹೊಸದನ್ನು ಕೊಳ್ಳುವ ಬೆಲೆ ಹಾಕಿದ್ದರು. ಸವೆದ ರುಬ್ಬುವ ಕಲ್ಲನ್ನು ನೆಂಟನಿಗೆ ಕೊಟ್ಟು ಹೊಸ ಗ್ರೈಂಡರಿನ ಬೆಲೆ ಬರೆದಂತೆ! ನಾವೂ ಗಲ್ಲಾದ ಮೇಲೆ ಕುಳಿತವರೇ. ಇಂಥ ಪುಸ್ತಕವನ್ನು ಯಾವ ಗುಮಾಸ್ತನೂ ತಾಳೆ ಮಾಡಲಾರ.

ಜನರ ಎಣಿಕೆಯೂ ಹಾಗೆಯೇ. 1971ರಲ್ಲಿ 93 ಸಾವಿರ ಸೈನಿಕರು ಶರಣಾದರೆಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಸಮವಸ್ತ್ರದವರು ಸುಮಾರು 79 ಸಾವಿರ, ಅವರಲ್ಲಿ ಅರೆಸೈನಿಕರೂ ಪೊಲೀಸರೂ ಇದ್ದರು. ಉಳಿದವರು ನಾಗರಿಕರು, ಅವರಲ್ಲಿ ಹೆಂಗಸರು ಮಕ್ಕಳೂ ಸೇರಿದ್ದರು. ಇದರಿಂದ ವಿಜಯವೇನೂ ಕುಗ್ಗದು. ಆದರೆ ಸೆರೆಸಿಕ್ಕ ಮಗುವನ್ನು ಸೈನಿಕನೆಂದು ಎಣಿಸುವುದು ನ್ಯಾಯವಲ್ಲ.

ವಿಜಯವಾಡದ ಹೋಟೆಲುಗಳಲ್ಲಿ ಬೆಳಗಿನ ಕಾಫಿಯೊಡನೆ ಉಕ್ರೇನಿನ ಅಂಕಿಗಳ ಚರ್ಚೆಯನ್ನು ನಾವು ಕೇಳಿದ್ದೇವೆ. ಇಂಗ್ಲಿಷ್ ವರದಿಯ ‘ಕ್ಯಾಶುವಾಲ್ಟಿ’ ಎಂಬ ಮಾತಿನಲ್ಲಿ ಸತ್ತವರೊಡನೆ ಗಾಯಾಳುಗಳೂ, ಅನೇಕ ವೇಳೆ ಕಾಣೆಯಾದವರೂ ಸೆರೆಸಿಕ್ಕವರೂ ಸೇರಿರುತ್ತಾರೆ. ಅವಸರದಲ್ಲಿ ಅದನ್ನು ‘ಸಾವು’ ಎಂದು ತರ್ಜುಮೆ ಮಾಡಿ, ಆಸ್ಪತ್ರೆಯಲ್ಲಿರುವವನನ್ನು ಮಸಣಕ್ಕೆ ಕಳುಹಿಸುವ ತಪ್ಪು ನಮ್ಮ ಪುಟಗಳಲ್ಲಿಯೂ ನಡೆದಿದೆ. ವಾಚಕರು ಮನ್ನಿಸಬೇಕು. ಇನ್ನು ಮುಂದೆ ‘ಸತ್ತವರು, ಗಾಯಗೊಂಡವರು ಸೇರಿ’ ಎಂದೂ, ಎಣಿಸಿದ ಪಕ್ಷ ಯಾವುದೆಂದೂ ಅಂಕಿಯ ಪಕ್ಕದಲ್ಲಿಯೇ ಅಚ್ಚು ಮಾಡುತ್ತೇವೆ.